ಗೆಲ್ಲೋ ಕುದುರೆ ಯಾವುದು? ಒಂದು ರೇಸ್ ಕಾರ್ಡು, ನಾಲ್ಕನೇ ಸೆಮ್ ಗಣಿತ

ಕಳೆದ ಸೆಮಿಸ್ಟರಿನಲ್ಲಿ ಒಂದು ಶುಕ್ರವಾರ ರಾತ್ರಿ ನಮ್ಮ ಹಾಸ್ಟೆಲ್ ರೂಮಿಗೆ ಗೆಳೆಯನೊಬ್ಬ ಬಂದ. ಹೊಳಲ್ಕೆರೆ ಕಡೆಯವನು, ಮನೆಯಲ್ಲಿ ಅಡಿಕೆ ತೋಟ. ಕೈಯಲ್ಲಿ ಬೆಂಗಳೂರಿನ ಮಾರನೇ ದಿನದ ರೇಸ್ ಕಾರ್ಡಿನ ಪ್ರಿಂಟ್. "ಪ್ರಾಬಬಿಲಿಟಿಲಿ ಅಷ್ಟಷ್ಟು ಮಾರ್ಕ್ಸ್ ತಗಂಡೀರಲ್ಲೋ, ನಾಳೆ ಏಳು ರೇಸಿಗೆ ಏಳು ಕುದುರೆ ಹೆಸರು ಬರ್ಕೊಡ್ರೋ, ಸಾಕು" ಅಂದ. ನಾವು ನಕ್ಕೆವು. ಅವನು ನಗಲಿಲ್ಲ. ಆಮೇಲೆ ಗೊತ್ತಾಯಿತು, ಮನೆಯವರು ಪರೀಕ್ಷೆ ಫೀಸು, ಹಾಸ್ಟೆಲ್ ಫೀಸು ಅಂತ ಕಳಿಸಿದ್ದ ದುಡ್ಡು ಆಗಲೇ ಹೋಗಿತ್ತು. ಫೋನಿನಲ್ಲಿ ಬಾಜಿ ಹಿಡಿಯೋ ಯಾರೋ ಒಬ್ಬನ ಕೈಗೆ.

ಬುದ್ಧಿ ಹೇಳಿದರೆ ಎದ್ದು ಹೋಗ್ತಾನೆ ಅಂತ ನಮಗೆ ಗೊತ್ತಿತ್ತು. ಅದಕ್ಕೆ, "ಸರಿ, ಕೂತ್ಕೋ, ಲೆಕ್ಕಾನೇ ಮಾಡೋಣ" ಅಂದೆವು. ಆ ರಾತ್ರಿ ಮತ್ತು ಮುಂದಿನ ಕೆಲವು ವಾರ ನಾವು ಕಲಿತದ್ದನ್ನು ಇಲ್ಲಿ ಪಾಠದ ಹಾಗೆ ಬರೆದಿದ್ದೇವೆ. ಪೆನ್ನು, ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಟುಕೊಂಡು ಓದಿ.

1. ರೇಸ್ ಕಾರ್ಡ್ ಓದೋದು ಹೇಗೆ

ಚಿತ್ರದುರ್ಗದಲ್ಲಿ ರೇಸ್ ಕೋರ್ಸ್ ಇಲ್ಲ. ನಮಗೆ ಹತ್ತಿರದ್ದು ಅಂದರೆ ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರು. ಚಾಮುಂಡಿ ಬೆಟ್ಟದ ಬುಡದಲ್ಲಿ ಮೈಸೂರಿನದ್ದು ಇನ್ನೊಂದು. ಕುದುರೆ ಸಾಕಣೆಗೆ ನಮ್ಮ ರಾಜ್ಯದಲ್ಲಿ ಹಳೇ ಹೆಸರು ಕುಣಿಗಲ್ಲಿನದು. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ ಅದು.

ಕಾರ್ಡಿನಲ್ಲಿ ಪ್ರತಿ ಕುದುರೆ ಎದುರು ಒಂದಷ್ಟು ಅಂಕಿ, ಹೆಸರು ಇರುತ್ತವೆ. ಅವುಗಳ ಅರ್ಥ ಇಷ್ಟು:

ಫಾರ್ಮ್: ಹಿಂದಿನ ಓಟಗಳಲ್ಲಿ ಎಷ್ಟನೇ ಸ್ಥಾನ ಬಂತು ಅನ್ನೋದು. ಬರೀ ಸ್ಥಾನ ನೋಡಿದರೆ ಮೋಸ ಹೋಗ್ತೀವಿ. ದುರ್ಬಲ ಗುಂಪಿನಲ್ಲಿ ಮೊದಲು ಬರೋದಕ್ಕೂ, ಬಲವಾದ ಗುಂಪಿನಲ್ಲಿ ಅರ್ಧ ಉದ್ದದ ಅಂತರದಲ್ಲಿ ನಾಲ್ಕನೆಯದಾಗಿ ಬರೋದಕ್ಕೂ ವ್ಯತ್ಯಾಸ ಇದೆ. ಓಪನ್ ಬುಕ್ ಟೆಸ್ಟಿನ ತೊಂಬತ್ತು, ಸೆಮಿಸ್ಟರ್ ಎಕ್ಸಾಮಿನ ಎಪ್ಪತ್ತು ಇದ್ದ ಹಾಗೆ.

ತೂಕ: ಹ್ಯಾಂಡಿಕ್ಯಾಪ್ ರೇಸಿನಲ್ಲಿ ರೇಟಿಂಗ್ ಹೆಚ್ಚಿರೋ ಕುದುರೆ ಹೆಚ್ಚು ತೂಕ ಹೊರಬೇಕು. ಜಾಕಿ, ಜೀನು ಸೇರಿ ನಿಗದಿತ ತೂಕ ಆಗದಿದ್ದರೆ ಸೀಸದ ತುಂಡು ಸೇರಿಸ್ತಾರೆ. ಕೋಟೆ ಮೆಟ್ಟಿಲು ಹತ್ತೋ ಪಂದ್ಯದಲ್ಲಿ ಕ್ಲಾಸಿನ ಗಟ್ಟಿಗನ ಬೆನ್ನಿಗೆ ಶೇಂಗಾ ಮೂಟೆ ಕಟ್ಟಿದ ಹಾಗೆ. ಎಲ್ಲ ಕುದುರೆಗಳೂ ಒಟ್ಟಿಗೆ ಗೆರೆ ಮುಟ್ಟಬೇಕು ಅನ್ನೋದೇ ಹ್ಯಾಂಡಿಕ್ಯಾಪರ್ ಗುರಿ. ಅಂದರೆ ನಾವು ಉತ್ತರ ಹುಡುಕ್ತಿರೋ ಪ್ರಶ್ನೆಯನ್ನ ಒಬ್ಬ ಅನುಭವಸ್ಥ ಬೇಕಂತಲೇ ಕಷ್ಟ ಮಾಡಿ ಇಟ್ಟಿದ್ದಾನೆ.

ದೂರ ಮತ್ತು ನೆಲ: 1200 ಮೀಟರಿನಲ್ಲಿ ಮಿಂಚೋ ಕುದುರೆ 2400 ಮೀಟರಿನ ಡರ್ಬಿಯಲ್ಲಿ ಕೊನೆಗೆ ಸುಸ್ತಾಗಬಹುದು. ಮಳೆ ಬಿದ್ದು ಟ್ರ್ಯಾಕ್ ಮೆತ್ತಗಾದರೆ ಕೆಲವಕ್ಕೆ ಅನುಕೂಲ, ಕೆಲವಕ್ಕೆ ತೊಂದರೆ.

ಜಾಕಿ, ಟ್ರೈನರ್, ಡ್ರಾ: ಯಾರು ಓಡಿಸ್ತಾರೆ, ಯಾರ ಲಾಯದಿಂದ ಬಂದಿದೆ, ಯಾವ ಗೇಟಿನಿಂದ ಹೊರಡುತ್ತೆ. ಹೊರಗಿನ ಗೇಟಿನಿಂದ ಹೊರಟ ಕುದುರೆ ತಿರುವಿನಲ್ಲಿ ಹೆಚ್ಚು ದೂರ ಓಡಬೇಕಾಗಬಹುದು.

ಈಗ ಒಂದು ಸಣ್ಣ ಲೆಕ್ಕ. 1200 ಮೀಟರನ್ನ 75 ಸೆಕೆಂಡಿನಲ್ಲಿ ಓಡಿದರೆ ವೇಗ ಸೆಕೆಂಡಿಗೆ 16 ಮೀಟರ್. ಕುದುರೆಯ ಉದ್ದ ಸುಮಾರು 2.4 ಮೀಟರ್ ಅಂತ ಹಿಡಿದರೆ, ಒಂದು ಉದ್ದದ ಅಂತರ ಅಂದರೆ 0.15 ಸೆಕೆಂಡ್. ಗೇಟು ತೆಗೆದಾಗ ಕುದುರೆ ಒಂದು ಕ್ಷಣ ತಡ ಮಾಡಿದರೆ, ಮುಂದಿನ ಕುದುರೆ ದಾರಿ ಕಟ್ಟಿದರೆ, ನಾವು ರಾತ್ರಿಯೆಲ್ಲ ಮಾಡಿದ ಲೆಕ್ಕ ಅಲ್ಲಿಗೇ ಮುಗಿಯಿತು. ಆದ್ದರಿಂದ "ಯಾವ ಕುದುರೆ ಗೆಲ್ಲುತ್ತೆ" ಅಂತ ಕೇಳೋದೇ ತಪ್ಪು. "ಯಾವ ಕುದುರೆಗೆ ಎಷ್ಟು ಸಂಭವ" ಅಂತ ಕೇಳಬೇಕು.

2. ಅಂಕಗಳನ್ನ ಸಂಭವನೀಯತೆಗೆ ತರೋದು

ಮೇಲಿನ ಅಂಶಗಳಿಗೆಲ್ಲ ಒಂದೊಂದು ತೂಕ ಕೊಟ್ಟು ಕೂಡಿಸಿದರೆ ಪ್ರತಿ ಕುದುರೆಗೆ ಒಂದು ಅಂಕ ಸಿಗುತ್ತೆ. ಆ ಅಂಕದ ಎಕ್ಸ್‌ಪೊನೆನ್ಷಿಯಲ್ ತಗೊಂಡು, ಎಲ್ಲ ಕುದುರೆಗಳ ಮೊತ್ತದಿಂದ ಭಾಗಿಸಿ. ಮೂರು ಕುದುರೆಗಳ ಅಂಕ 1, 0.5, 0 ಅಂತಿಟ್ಟುಕೊಳ್ಳಿ. ಎಕ್ಸ್‌ಪೊನೆನ್ಷಿಯಲ್ 2.718, 1.649, 1. ಮೊತ್ತ 5.367. ಸಂಭವ ಸುಮಾರು ಶೇ. 51, ಶೇ. 31, ಶೇ. 19. ಮಷಿನ್ ಲರ್ನಿಂಗ್ ಓದಿದವರಿಗೆ ಇದು ಗೊತ್ತು, ಸಾಫ್ಟ್‌ಮ್ಯಾಕ್ಸ್ ಅಂದರೆ ಇದೇ. ರೂತ್ ಬೋಲ್ಟನ್ ಮತ್ತು ರಾಂಡಲ್ ಚಾಪ್ಮನ್ 1986ರಲ್ಲೇ ಈ ಮಾದರಿಯನ್ನ ಕುದುರೆ ರೇಸಿಗೆ ಹಾಕಿ ನೋಡಿದ್ದರು.

ಇದನ್ನ ನಿಜಕ್ಕೂ ದುಡ್ಡು ಮಾಡಿದವರಲ್ಲಿ ದೊಡ್ಡ ಹೆಸರು ಬಿಲ್ ಬೆಂಟರ್. ಹಾಂಗ್‌ಕಾಂಗಿನಲ್ಲಿ ಕೆಲಸ ಮಾಡಿದ. 1994ರಲ್ಲಿ ತನ್ನ ವಿಧಾನದ ಬಗ್ಗೆ ಪ್ರಬಂಧವನ್ನೂ ಪ್ರಕಟಿಸಿದ. ಗೆಳೆಯನ ಕಣ್ಣು ಅಗಲವಾದದ್ದು ಈ ಹೆಸರು ಕೇಳಿಯೇ! ಆದರೆ ಪೂರ್ತಿ ಕಥೆ ಹೇಳಬೇಕಲ್ಲ. ಅಲ್ಲಿ ಎರಡೇ ಟ್ರ್ಯಾಕು, ಅದೇ ಕುದುರೆಗಳು ಮತ್ತೆ ಮತ್ತೆ ಒಂದರೆದುರು ಒಂದು ಓಡ್ತವೆ, ಹಾಗಾಗಿ ದತ್ತಾಂಶ ಚೊಕ್ಕ. ಅದನ್ನ ವರ್ಷಗಟ್ಟಲೆ ಕಂಪ್ಯೂಟರಿಗೆ ತುಂಬಿದರು. ಅಷ್ಟೆಲ್ಲ ಮಾಡಿಯೂ ಬೆಂಟರ್ ತನ್ನ ಲೆಕ್ಕವೊಂದನ್ನೇ ನಂಬಲಿಲ್ಲ. ಜನ ಹಾಕಿದ ದುಡ್ಡಿನಿಂದ ಬರೋ ಸಂಭವವನ್ನೂ ಅದರ ಜೊತೆ ಬೆರೆಸಿದ. ಯಾಕೆಂದರೆ ಕಾರ್ಡಿನಲ್ಲಿ ಇಲ್ಲದ ಎಷ್ಟೋ ವಿಷಯ, ಬೆಳಗಿನ ಟ್ರ್ಯಾಕ್ ವರ್ಕ್ ನೋಡಿದವರಿಗೆ, ಲಾಯದ ಹತ್ತಿರದವರಿಗೆ ಗೊತ್ತಿರುತ್ತೆ. ಅದು ದರದೊಳಗೆ ಬಂದು ಸೇರಿರುತ್ತೆ.

3. ದರದೊಳಗೆ ಅಡಗಿರೋ ಕಡಿತ

ಆರು ಕುದುರೆಗಳ ಒಂದು ಕಾಲ್ಪನಿಕ ರೇಸ್ ತಗೊಳ್ಳಿ. ಬುಕ್ಕಿ ಕೊಡೋ ದರ ಹೀಗಿದೆ: ಅ 6/4, ಆ 3/1, ಇ 4/1, ಈ 7/1, ಉ 9/1, ಊ 19/1. 3/1 ಅಂದರೆ ಒಂದು ರೂಪಾಯಿಗೆ ಮೂರು ಲಾಭ, ಹಾಕಿದ ಒಂದು ವಾಪಸ್. ಆದ್ದರಿಂದ ದರ ಹೇಳೋ ಸಂಭವ 1/4.

ಎಲ್ಲದಕ್ಕೂ ಹೀಗೇ ಮಾಡಿ: 0.40, 0.25, 0.20, 0.125, 0.10, 0.05. ಕೂಡಿಸಿ. 1.125 ಬಂತು. ಸಂಭವನೀಯತೆಗಳ ಮೊತ್ತ ಒಂದೇ ಆಗಬೇಕು ಅಂತ ನಾಲ್ಕನೇ ಸೆಮಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಇಲ್ಲಿ ಹೆಚ್ಚಾಗಿ ನಿಂತಿರೋ 0.125 ಬುಕ್ಕಿಯ ಪಾಲು. 1.125ರಿಂದ ಭಾಗಿಸಿದರೆ ಫೇವರಿಟ್ 'ಅ'ದ ಸಂಭವ ಶೇ. 40 ಅಲ್ಲ, ಸುಮಾರು ಶೇ. 36. ಆ ಸಂಭವವೇ ಸರಿ ಅಂತಾದರೆ, ಯಾವ ಕುದುರೆ ಮೇಲೆ 100 ರೂಪಾಯಿ ಹಾಕಿದರೂ ಸರಾಸರಿ ವಾಪಸ್ ಬರೋದು 88 ರೂಪಾಯಿ ಚಿಲ್ಲರೆ.

ಟೋಟ್ ಇನ್ನೊಂದು ಥರ. ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತೆ. ತೆರಿಗೆ, ಕ್ಲಬ್ ಪಾಲು ಕಳೆದು ಉಳಿದದ್ದನ್ನ ಗೆದ್ದವರಿಗೆ ಹಂಚ್ತಾರೆ. ಲೆಕ್ಕ ಸುಲಭ ಆಗಲಿ ಅಂತ ಕಡಿತ ಶೇ. 30 ಅಂತ ಹಿಡಿಯೋಣ. ಹುಂಡಿಯಲ್ಲಿ 1,00,000 ರೂಪಾಯಿ, 'ಅ' ಮೇಲೆ ಬಿದ್ದದ್ದು 35,000. ಕಡಿತ ಕಳೆದು ಉಳಿಯೋದು 70,000. 'ಅ' ಗೆದ್ದರೆ ರೂಪಾಯಿಗೆ ಎರಡು ರೂಪಾಯಿ. ನಷ್ಟ ಆಗಬಾರದು ಅಂದರೆ 'ಅ' ಗೆಲ್ಲೋ ಸಂಭವ ಶೇ. 50 ಇರಬೇಕು. ಜನ ಅಂದಾಜು ಮಾಡಿದ್ದು ಶೇ. 35. ಅಂದರೆ ಸಮ ಆಗೋದಕ್ಕೇ ಇಡೀ ಜನಸಮೂಹಕ್ಕಿಂತ ಸುಮಾರು 1.43 ಪಟ್ಟು ಸರಿಯಾದ ಕುದುರೆ ಹುಡುಕಬೇಕು, ಅದೂ ಪ್ರತಿ ಸಲ.

ತೆರಿಗೆ ಹಗುರದ್ದಲ್ಲ. ಬಾಜಿಯ ಪೂರ್ತಿ ಮುಖಬೆಲೆ ಮೇಲೆ 2023ರ ಅಕ್ಟೋಬರ್ 1ರಿಂದ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಗೆದ್ದ ಹಣಕ್ಕೆ ಶೇ. 30 ಆದಾಯ ತೆರಿಗೆ ಬೇರೆ.

"ನಮ್ಮೋನು ಟ್ಯಾಕ್ಸ್ ಹಿಡಿಯಲ್ಲಪ್ಪ" ಅಂದ ಗೆಳೆಯ. ಹೌದು, ಹಿಡಿಯಲ್ಲ. ರಸೀತಿಯನ್ನೂ ಕೊಡಲ್ಲ. ಲೈಸೆನ್ಸ್ ಇಲ್ಲದ ಅವನ ವ್ಯವಹಾರವೇ ಕಾನೂನಿಗೆ ವಿರುದ್ಧ, ಗೆದ್ದ ದಿನ ಅವನು ಫೋನ್ ಎತ್ತದಿದ್ದರೆ ಕೇಳೋಕೆ ಎಲ್ಲಿಗೆ ಹೋಗ್ತೀಯ?

4. ದಿನದಲ್ಲಿ ಒಂದಾದರೂ ಗೆಲ್ಲುತ್ತೆ ಅನ್ನೋ ಭ್ರಮೆ

ಫೇವರಿಟ್ ಕುದುರೆ ಸುಮಾರು ಮೂರರಲ್ಲಿ ಒಂದು ರೇಸ್ ಗೆಲ್ಲುತ್ತೆ ಅಂತ ಇಟ್ಟುಕೊಳ್ಳಿ. ಏಳೂ ರೇಸಿನಲ್ಲಿ ಫೇವರಿಟ್ ಗೆಲ್ಲೋ ಸಂಭವ 2187ರಲ್ಲಿ ಒಂದು. ಆದರೆ ಏಳರಲ್ಲಿ ಒಂದಾದರೂ ಗೆಲ್ಲೋ ಸಂಭವ? ಏಳೂ ಸೋಲೋ ಸಂಭವ 128/2187. ಒಂದರಿಂದ ಕಳೆದರೆ ಸುಮಾರು ಶೇ. 94.

ಟಿಪ್ ಕೊಡೋರ ಬಂಡವಾಳ ಈ 94. ಏಳು ಫೇವರಿಟ್ ಹೆಸರು ಬರೆದವನು ಹೆಚ್ಚುಕಮ್ಮಿ ದಿನಾ ಒಂದಾದರೂ ಸರಿ ಹೇಳಿರ್ತಾನೆ. ಮಾರನೇ ದಿನ ಸ್ಟೇಟಸ್ಸಿಗೆ ಹಾಕೋದು ಅದೊಂದನ್ನೇ. ಇನ್ನೊಂದು ಉಪಾಯವೂ ಉಂಟು. 600 ಜನರನ್ನ ಆರು ಗುಂಪು ಮಾಡಿ, ಆರು ಕುದುರೆಗೆ ಒಂದೊಂದು ಟಿಪ್ ಕಳಿಸಿ. ಯಾವುದೇ ಗೆಲ್ಲಲಿ, 100 ಜನರಿಗೆ ನೀವು ಹೇಳಿದ್ದು ನಿಜ. ಆ ನೂರನ್ನ ಮತ್ತೆ ಆರು ಮಾಡಿ. ಹದಿನಾರು ಹದಿನೇಳು ಜನರಿಗೆ ನೀವು ಎರಡು ಸಲ ಸರಿ ಹೇಳಿದ ಮಹಾನುಭಾವ!

ನಮ್ಮ ಗೆಳೆಯನ ಕೈ ಸುಟ್ಟದ್ದು ಇದರ ಪಕ್ಕದ ತಪ್ಪಿನಲ್ಲಿ. ಫೇವರಿಟ್ ಮೇಲೆ 100 ಹಾಕೋದು, ಸೋತರೆ 200, ಆಮೇಲೆ 400, ಗೆಲ್ಲೋ ತನಕ ಎರಡರಷ್ಟು. ಶುರುವಿನ ಕೆಲವು ಶನಿವಾರ ಭಾನುವಾರ ಸಣ್ಣ ಲಾಭ ಬಂತು. "ಇದು ಫೇಲ್ ಆಗೋದೇ ಇಲ್ಲ" ಅನ್ನಿಸಿತು. ಆದರೆ ಏಳೂ ಸೋಲೋ ಶೇ. 6 ಅಂದರೆ ಸರಾಸರಿ ಹದಿನೇಳು ದಿನಕ್ಕೊಮ್ಮೆ. ಆ ದಿನ 100ರಿಂದ 6400ರ ತನಕ ಕೂಡಿಸಿ, 12,700. ಅವನ ಹದಿನೇಳನೇ ದಿನ ಒಂಬತ್ತನೇ ದಿನಕ್ಕೇ ಬಂತು. ಮುಂದಿನ ವಾರ ಅದನ್ನ ವಾಪಸ್ ತರೋಕೆ ಅಂತ 200ರಿಂದ ಶುರು ಮಾಡಿದ. ಒಂದೊಂದೂ ನಷ್ಟದ ಬಾಜಿ ಆದಮೇಲೆ, ಹೇಗೆ ಜೋಡಿಸಿ ಕೂಡಿದರೂ ಮೊತ್ತ ನಷ್ಟವೇ.

"ಇಷ್ಟು ಸಲ ಸೋತಿದೀನಿ, ಈಗ ಗೆಲ್ಲಲೇಬೇಕಲ್ಲ" ಅಂತ ಕೇಳಿದ. ಹಿರಿಯೂರಿನ ಮಾರಿಕಣಿವೆ ನೆನಪು ಮಾಡಿಕೊಂಡೆವು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಎಂಬತ್ತೊಂಬತ್ತು ವರ್ಷ ಬೀಳಲಿಲ್ಲ. 2022ರಲ್ಲಿ ಬಿತ್ತು. "ಇನ್ನೊಂದು ತೊಂಬತ್ತು ವರ್ಷ ಬಿಡು" ಅಂದವರು ಇದ್ದರು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಎಷ್ಟು ವರ್ಷ ಕಾದಿದ್ದೇವೆ ಅನ್ನೋ ಲೆಕ್ಕ ಕೆರೆಗೆ ಗೊತ್ತಿಲ್ಲ. ಮಳೆ ಬಂದರೆ, ಭದ್ರಾ ನೀರು ಹರಿದು ಬಂದರೆ ತುಂಬುತ್ತೆ. ಗೇಟಿನಲ್ಲಿ ನಿಂತ ಕುದುರೆಗೂ ಹಾಗೇ, ನಾವು ಹಿಂದಿನ ವಾರ ಎಷ್ಟು ಕಳೆದುಕೊಂಡೆವು ಅಂತ ಗೊತ್ತಿಲ್ಲ.

5. "ಕೋರ್ಟೇ ಕೌಶಲ್ಯ ಅಂದಿದೆಯಲ್ಲ?"

ಅಂದಿದೆ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಮುಖ್ಯವಾಗಿ ಕೌಶಲ್ಯದ ಆಟ ಅಂತ ಹೇಳಿತು. ಮೇಲಿನ ಪಾಠ ಓದಿದವರಿಗೆ ಅದು ಸರಿ ಅಂತಲೇ ಅನಿಸಬಹುದು, ಕಾರ್ಡ್ ಓದೋಕೆ ನಿಜವಾಗಿ ಕೌಶಲ್ಯ ಬೇಕು. ಆದರೆ ಕೌಶಲ್ಯದ ಆಟ ಅಂದಮಾತ್ರಕ್ಕೆ ನಮಗೆ ಆ ಕೌಶಲ್ಯ ಇದೆ ಅಂತಲ್ಲ. ಚೆಸ್ ಕೂಡ ಕೌಶಲ್ಯದ ಆಟವೇ. ಗ್ರ್ಯಾಂಡ್‌ಮಾಸ್ಟರ್ ಎದುರು ಫೀಸಿನ ದುಡ್ಡಿಟ್ಟು ಕೂರ್ತೀವಾ? ಟೋಟ್ ಹುಂಡಿಯಲ್ಲಿ ನಮ್ಮ ಎದುರಾಳಿ ಕುದುರೆ ಅಲ್ಲ, ನಮಗಿಂತ ಹೆಚ್ಚು ತಿಳಿದ ಉಳಿದ ಜನ.

6. ಆ ಶನಿವಾರ

ದುಡ್ಡಿಲ್ಲದೆ, ಕಾಗದದ ಮೇಲೆ, ನಾವು ಏಳು ರೇಸಿಗೂ ಸಂಭವ ಬರೆದೆವು. ಸಂಜೆ ಫಲಿತಾಂಶ ನೋಡಿದೆವು. ನಮ್ಮ ಮೊದಲ ಆಯ್ಕೆ ಗೆದ್ದದ್ದು ಎರಡರಲ್ಲಿ. ಎರಡೂ ಕಾರ್ಡ್ ನೋಡದವರೂ ಹೇಳಬಹುದಾಗಿದ್ದ ಫೇವರಿಟ್‌ಗಳೇ. ಒಂದು ದಿನದಿಂದ ಏನೂ ಸಾಬೀತಾಗಲ್ಲ ಅನ್ನೋದನ್ನೂ ಹೇಳಿಬಿಡ್ತೇವೆ. ಐದು ಗೆದ್ದಿದ್ದರೂ ಸಾಬೀತಾಗ್ತಿರಲಿಲ್ಲ.

ಕೊನೆಗೆ ಎಷ್ಟು ಹಾಕಬೇಕು ಅಂತ ಹೇಳೋ ಕೆಲ್ಲಿ ಸೂತ್ರವನ್ನ ಅವನ ಕೈಯಲ್ಲೇ ಮಾಡಿಸಿದೆವು. ಗೆಲ್ಲೋ ಸಂಭವವನ್ನ ಒಟ್ಟು ವಾಪಸಿನಿಂದ ಗುಣಿಸಿ, ಒಂದು ಕಳೆದು, ದರದಿಂದ ಭಾಗಿಸಬೇಕು. ಮೇಲಿನ 'ಆ' ಕುದುರೆಗೆ: 0.22 ಗುಣಿಸು 4, ಅಂದರೆ 0.88. ಒಂದು ಕಳೆದರೆ ಮೈನಸ್ 0.12. ಉತ್ತರ ಮೈನಸ್ ಬಂದರೆ ಹಾಕಬೇಕಾದ ಮೊತ್ತ ಸೊನ್ನೆ. ಇನ್ನೊಂದು ಕುದುರೆಗೆ ಮಾಡಿದ. ಸೊನ್ನೆ. ಆರಕ್ಕೆ ಆರೂ ಸೊನ್ನೆ. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೊದಲೇ ಮಾಡಿದ್ರೆ ಆಗಿರೋದಲ್ಲೋ" ಅಂದ.

ಆ ನಂಬರ್ ಡಿಲೀಟ್ ಮಾಡಿದ್ದು ಅವತ್ತಲ್ಲ, ಎರಡು ವಾರದ ಮೇಲೆ. ಮನೆಯಲ್ಲಿ ಹೇಳಿದ್ದು ಇನ್ನೂ ತಡ. ನಮ್ಮಲ್ಲಿ ಇಬ್ಬರು ಜೊತೆಗೆ ಹೊಳಲ್ಕೆರೆಗೆ ಹೋಗಿದ್ದೆವು. ಅವರಪ್ಪ ಬೈಯಲಿಲ್ಲ, "ಊಟ ಮಾಡ್ರಿ ಮೊದ್ಲು" ಅಂದರು. ಅದು ಬೈಗುಳಕ್ಕಿಂತ ಭಾರ ಇತ್ತು. ಫೀಸನ್ನ ಕಂತಿನಲ್ಲಿ ಕಟ್ಟಿದ, ಪರೀಕ್ಷೆ ಬರೆದ. ಇದನ್ನ ಬರೀಬಹುದಾ ಅಂತ ಕೇಳಿದಾಗ "ಹೆಸರು ಬಿಟ್ಟು ಎಲ್ಲಾ ಬರೀರಿ" ಅಂದವನೂ ಅವನೇ.

ನಿಮ್ಮ ರೂಮಿನಲ್ಲೂ ಇಂಥ ಒಬ್ಬ ಇರಬಹುದು. ಕುದುರೆಯೇ ಆಗಬೇಕಿಲ್ಲ, ಕ್ರಿಕೆಟ್ ಇರಬಹುದು, ಇನ್ನೊಂದಿರಬಹುದು. ಮೊದಲು ಅವನ ಜೊತೆ ಕೂತು ಲೆಕ್ಕ ಮಾಡಿ. ಲೆಕ್ಕಕ್ಕೆ ಬಗ್ಗದಷ್ಟು ಹಿಡಿದುಕೊಂಡಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.

ಮನೆಗೆಲಸ

1. ಐದು ರೇಸಿನ ಜಾಕ್‌ಪಾಟಿನಲ್ಲಿ ಐದೂ ಫೇವರಿಟ್ ಗೆಲ್ಲೋ ಸಂಭವ ಎಷ್ಟು? ಒಂದೊಂದಕ್ಕೆ 1/3 ಅಂತ ಹಿಡಿಯಿರಿ. (ಉತ್ತರ: 243ರಲ್ಲಿ ಒಂದು.)

2. ಟೋಟ್ ಕಡಿತ ಶೇ. 20 ಆದರೆ, ಸಮ ಆಗೋಕೆ ಜನರ ಅಂದಾಜಿಗಿಂತ ಎಷ್ಟು ಪಟ್ಟು ಸರಿಯಾಗಿರಬೇಕು? (ಉತ್ತರ: 1.25.)

3. ಇದುವರೆಗೆ ಕಳೆದುಕೊಂಡ ದುಡ್ಡು ಮುಂದಿನ ರೇಸಿನ ಸಂಭವವನ್ನ ಎಷ್ಟು ಬದಲಿಸುತ್ತೆ? (ಉತ್ತರ ನೀವೇ ಬರೆಯಿರಿ.)