‘ಇಮಿನೆಂಟ್’ ಎಂಬ ವಿಶೇಷಣದ ಅರ್ಥವಿಚಾರ

ಆಂಗ್ಲಭಾಷೆಯಲ್ಲಿ ಭವಿಷ್ಯತ್ತನ್ನು ಸೂಚಿಸುವ ವಿಶೇಷಣಗಳು ಹಲವುಂಟು. ಅವುಗಳಲ್ಲಿ ‘ಇಮಿನೆಂಟ್’ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ‘ಮುಂಬರುವ’ ಎಂದು ಭಾಷಾಂತರಿಸುವುದುಂಟು. ಇದು ಅಸಮರ್ಪಕ. ಜಾತ್ರೆಯು ಮೂರು ತಿಂಗಳ ಆಚೆಗಿದ್ದರೂ ಮುಂಬರುವ ಜಾತ್ರೆಯೇ ಸರಿ. ‘ಇಮಿನೆಂಟ್’ ಆದದ್ದಕ್ಕೆ ಅಷ್ಟು ಅವಧಿಯಿಲ್ಲ.

ಈ ಪದದ ಮೂಲ ಲ್ಯಾಟಿನ್. ಮೇಲಕ್ಕೆ ಬಾಗಿ ಚಾಚಿಕೊಂಡಿರುವುದು ಎಂಬುದು ಅದರ ಮೂಲಾರ್ಥ. ಬೆಟ್ಟದ ಬುಡದಲ್ಲಿ ನಿಂತವನ ನೆತ್ತಿಯ ಮೇಲೆ ಬಂಡೆಯೊಂದು ಬಾಗಿರುವ ಚಿತ್ರವನ್ನು ಕಲ್ಪಿಸಿಕೊಂಡರೆ ಅರ್ಥವು ತಾನಾಗಿ ಹೊಳೆಯುತ್ತದೆ. ಆದುದರಿಂದಲೇ ಯುದ್ಧ, ಮರಣ, ಪ್ರವಾಹ ಮೊದಲಾದ ಅನಿಷ್ಟಗಳೊಡನೆ ಇದರ ಪ್ರಯೋಗ ಹೆಚ್ಚು. ‘ಎಮಿನೆಂಟ್’ ಎಂಬುದೂ ಇದೇ ಧಾತುವಿನಿಂದ ಹುಟ್ಟಿದ್ದು. ಅಲ್ಲಿ ಉಪಸರ್ಗ ಬೇರೆಯಾಗಿ, ಎದ್ದು ಕಾಣುವ, ಶ್ರೇಷ್ಠ ಎಂಬ ಅರ್ಥ ಬಂದಿದೆ. ಮೊದಲಕ್ಷರದ ಇಕಾರ ಎಕಾರಗಳನ್ನು ಅದಲುಬದಲು ಮಾಡಿದರೆ ಶ್ರೇಷ್ಠರಾದ ಅತಿಥಿಗಳು ತಲೆಯ ಮೇಲೆ ಬೀಳಲಿರುವ ಅತಿಥಿಗಳಾದಾರು!

ಸಂಸ್ಕೃತದಿಂದ ಬಂದ ಪದಗಳಲ್ಲಿ ‘ಭಾವಿ’ ಎಂದರೆ ಮುಂದೆ ಆಗತಕ್ಕದ್ದು. ‘ಆಗಾಮಿ’ ಎಂದರೆ ಬರುತ್ತಿರುವುದು. ಇವೆರಡರಲ್ಲಿಯೂ ಸಾಮೀಪ್ಯದ ಕಟ್ಟುಪಾಡಿಲ್ಲ. ‘ಆಸನ್ನ’ ಎಂದರೆ ಹತ್ತಿರ ಬಂದು ಕುಳಿತದ್ದು. ಆಸನ್ನಮರಣ ಎಂಬ ಸಮಾಸವನ್ನು ನೋಡಿರಿ. ‘ಇಮಿನೆಂಟ್’ಗೆ ಇದೇ ಸರಿಸಾಟಿ, ‘ಸನ್ನಿಹಿತ’ವೂ ಸಲ್ಲುತ್ತದೆ.

ಆದರೆ ಸಾಮಾನ್ಯ ಜನರಿಗೆ ಹೇಳಬೇಕಾದಾಗ ಇವೂ ಸಾಲವು. 2009 ಮತ್ತು 2019ರ ನೆರೆಗಳನ್ನು ಕಂಡ ಮಲಪ್ರಭಾ ತೀರದ ರೈತನಿಗೆ ‘ಮುಂಬರುವ ಪ್ರವಾಹ’ ಎಂದು ಎಚ್ಚರಿಕೆ ಬರೆದರೆ ಅವನು ಹೊಲದ ಕೆಲಸ ಮುಗಿಸಿ ಹೊರಟರಾಯಿತು ಎಂದುಕೊಂಡಾನು. ‘ಪ್ರವಾಹ ಆಸನ್ನವಾಗಿದೆ’ ಎಂದರೆ ಅರ್ಥ ಕೇಳಲು ಶಾಲೆಯ ಮಾಸ್ತರರನ್ನು ಹುಡುಕಿಯಾನು. ‘ಹೊಳೆ ಇನ್ನೇನು ಬಂತು, ದನ ಬಿಚ್ಚಿರಿ’ ಎಂದರೆ ಒಡನೆಯೇ ಎದ್ದು ಓಡುತ್ತಾನೆ.

ಇಲ್ಲಿ ‘ಬಂತು’ ಎಂಬುದು ಭೂತಕಾಲದ ರೂಪ. ಹೊಳೆಯಾದರೋ ಇನ್ನೂ ಬಂದಿಲ್ಲ! ತಾಯಿ ಕರೆದಾಗ ಒಳಕೋಣೆಯಲ್ಲಿದ್ದ ಮಗು ‘ಬಂದೆ’ ಎನ್ನುವುದೂ ಹೀಗೆಯೇ. ವರ್ತಮಾನಕ್ಕೆ ಸಮೀಪವಾದ ಭೂತ ಭವಿಷ್ಯತ್ತುಗಳಿಗೆ ವರ್ತಮಾನದ ಪ್ರತ್ಯಯಗಳನ್ನು ವಿಕಲ್ಪವಾಗಿ ಹೇಳಬಹುದೆಂದು ಪಾಣಿನಿಯು ಅಷ್ಟಾಧ್ಯಾಯಿಯ 3ನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ನಮ್ಮ ಆಡುನುಡಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಗಲಿರುವುದನ್ನು ಆಗಿಹೋದಂತೆಯೇ ನುಡಿಯುತ್ತದೆ. ಆಂಗ್ಲರು ವಿಶೇಷಣಕ್ಕೆ ವಹಿಸಿದ ಕೆಲಸವನ್ನು ಕನ್ನಡವು ಕ್ರಿಯಾಪದಕ್ಕೆ ವಹಿಸಿದೆ. ವಿಶೇಷಣಕ್ಕೆ ವಿಶೇಷಣವನ್ನೇ ಹುಡುಕುವ ಭಾಷಾಂತರಕಾರನಿಗೆ ಈ ದಾರಿ ಕಾಣುವುದಿಲ್ಲ.

ಇನ್ನೊಂದು ಸೂಕ್ಷ್ಮವುಂಟು. ‘ಇಮಿನೆಂಟ್’ ಎಂದ ಮಾತ್ರಕ್ಕೆ ಆ ಸಂಗತಿ ನಡೆದೇ ತೀರಬೇಕೆಂದಿಲ್ಲ. ಬಾಗಿದ ಬಂಡೆಗೆ ಊರೆ ಕೊಟ್ಟು ನಿಲ್ಲಿಸಬಹುದು. ಆದುದರಿಂದ ‘ಅನಿವಾರ್ಯ’, ‘ಖಂಡಿತ’ ಎಂಬ ಪದಗಳನ್ನು ಇದಕ್ಕೆ ಬಳಸಲಾಗದು. ಗೋಡೆ ಬಿರುಕುಬಿಟ್ಟು ವಾಲಿದ್ದರೆ ‘ಗೋಡೆ ಇನ್ನೇನು ಬೀಳುವಂತಿದೆ’ ಎನ್ನಬೇಕು. ‘ಗೋಡೆ ಬಿದ್ದೇ ಬೀಳುತ್ತದೆ’ ಎಂದರೆ ಅದು ಬೇರೆ ಮಾತು.