ಗಣಕದ ನೋಟ್‌ಬುಕ್ಕಿನಲ್ಲಿ ಕೋಶಗಳ ಕ್ರಮ

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಅಳತೆ, ಲೆಕ್ಕ, ಟಿಪ್ಪಣಿಗಳೆಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುವುದು ವಾಡಿಕೆ. ಗಣಕಯಂತ್ರದಲ್ಲಿಯೂ ಅಂತಹ ಪುಸ್ತಕವೊಂದುಂಟು. ಅದೇ ಜುಪಿಟರ್ ನೋಟ್‌ಬುಕ್. 2014ರಲ್ಲಿ ಬಳಕೆಗೆ ಬಂದ ಈ ಹೆಸರು ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಗಣಕ ಭಾಷೆಗಳನ್ನು ಸೂಚಿಸುವುದಲ್ಲದೆ, 1610ರಲ್ಲಿ ಗುರುಗ್ರಹದ ಚಂದ್ರರನ್ನು ಕಂಡು ಬರೆದಿಟ್ಟ ಗೆಲಿಲಿಯೋನ ಟಿಪ್ಪಣಿಗಳನ್ನೂ ನೆನಪಿಸುತ್ತದೆ.

ಈ ಪುಸ್ತಕದ ಪುಟವು ‘ಸೆಲ್’ ಅಥವಾ ಕೋಶಗಳೆಂಬ ಚೌಕಗಳಾಗಿ ವಿಭಾಗಗೊಂಡಿರುತ್ತದೆ. ಕೆಲವು ಕೋಶಗಳಲ್ಲಿ ವಿವರಣೆಯೂ ಉಳಿದವುಗಳಲ್ಲಿ ಗಣಕಕ್ಕೆ ಕೊಡುವ ಆದೇಶಗಳೂ ಇರುತ್ತವೆ. ಶಿಫ್ಟ್ ಕೀಲಿಯನ್ನು ಅದುಮಿ ಹಿಡಿದು ಎಂಟರ್ ಒತ್ತಿದರೆ ಆ ಒಂದು ಕೋಶದ ಆದೇಶ ಮಾತ್ರ ನಡೆಯುತ್ತದೆ. ಉತ್ತರವಿದ್ದರೆ ಅದರ ಕೆಳಗೇ ಮೂಡುತ್ತದೆ. ಆಗ ಕೋಶದ ಎಡಕ್ಕೆ ಕಂಸದೊಳಗೆ ಒಂದು ಸಂಖ್ಯೆ ಕಾಣುವುದು. ಅದರ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನಮೀಟರು. ಜಲಾಶಯದ ನೀರನ್ನು ಕೋಟಿ ಘನಮೀಟರುಗಳಲ್ಲಿ ಹೇಳಬೇಕಾಗಿದೆಯೆನ್ನೋಣ. ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯು ಕನ್ನಡದ ಹೆಸರುಗಳನ್ನೂ ಒಪ್ಪುವುದರಿಂದ ಮೂರು ಕೋಶಗಳಲ್ಲಿ ಹೀಗೆ ಬರೆಯಬಹುದು:

ನೀರು = 19.52

ನೀರು = ನೀರು * 2.83

ನೀರು

ಇಲ್ಲಿ ‘=’ ಚಿಹ್ನೆಯು ಬೀಜಗಣಿತದ ಸಮತೆಯಲ್ಲ. ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿನಲ್ಲಿ ಇಡು ಎಂಬುದು ಅದರ ಅರ್ಥ. ನಕ್ಷತ್ರ ಚಿಹ್ನೆಯು ಗುಣಾಕಾರ. ಮೂರನ್ನೂ ಕ್ರಮವಾಗಿ ನಡೆಸಿದರೆ ಸುಮಾರು 55.24 ಎಂಬ ಉತ್ತರ ದೊರೆಯುವುದು. ಎಡಗಡೆಯ ಸಂಖ್ಯೆಗಳು 1, 2, 3.

ಈಗ ಎರಡನೆಯ ಕೋಶವನ್ನೂ ಮೂರನೆಯದನ್ನೂ ಇನ್ನೊಮ್ಮೆ ನಡೆಸಿರಿ. ಉತ್ತರ 156.33! ಪುಟದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೂ ಜಲಾಶಯದ ನೀರು ಸುಮಾರು ಮೂರು ಪಟ್ಟಾಯಿತು. ಕಾರಣವೇನು? ಎಲ್ಲ ಕೋಶಗಳಿಗೂ ಸ್ಮೃತಿ ಒಂದೇ. ಮೊದಲ ಸಲವೇ 55.24 ಆಗಿದ್ದ ‘ನೀರು’ ಮತ್ತೆ 2.83ರಿಂದ ಗುಣಿಸಲ್ಪಟ್ಟಿತು. ಎಡಗಡೆಯ ಸಂಖ್ಯೆಗಳು ಈಗ 1, 4, 5 ಎಂದಿರುತ್ತವೆ. ಕೋಶಗಳನ್ನು ನಡೆಸಿದ ಕ್ರಮವನ್ನು ಅವು ತಿಳಿಸುತ್ತವೆ. ನಡುವೆ 2, 3 ಕಾಣದಿರುವುದೇ ಎಚ್ಚರಿಕೆಯ ಗುರುತು.

ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು, ಹೊಸ ಬೆಲೆಗೆ ಹೊಸ ಹೆಸರು ಕೊಡುವುದು:

ಪರಿಮಾಣ = ನೀರು * 2.83

ಮೂರನೆಯ ಕೋಶದಲ್ಲಿ ‘ಪರಿಮಾಣ’ ಎಂದು ಬರೆದರೆ, ಎಷ್ಟು ಸಲ ನಡೆಸಿದರೂ ಉತ್ತರ ಬದಲಾಗದು. ಎರಡನೆಯದು, ಲೆಕ್ಕವನ್ನು ಅಧ್ಯಾಪಕರಿಗೆ ಒಪ್ಪಿಸುವ ಮುನ್ನ ಆದೇಶಗಳನ್ನು ನಡೆಸುವ ‘ಕರ್ನೆಲ್’ ಅನ್ನು ಹೊಸದಾಗಿ ಆರಂಭಿಸಿ, ಎಲ್ಲ ಕೋಶಗಳನ್ನೂ ಮೇಲಿನಿಂದ ಕೆಳಕ್ಕೆ ನಡೆಸುವುದು. ಆಗ ಹಳೆಯ ಬೆಲೆಗಳೆಲ್ಲ ಸ್ಮೃತಿಯಿಂದ ಅಳಿದುಹೋಗುತ್ತವೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿ ಓದುವ ವಿದ್ಯಾರ್ಥಿಗಳು ತಮ್ಮ ಶಾಲಾ ಕಾಲೇಜುಗಳ ಗಣಕದಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡಿ ನೋಡಬಹುದು. ಮೊದಲನೆಯ ಕೋಶವನ್ನು ಅಳಿಸಿ, ಎರಡನೆಯದನ್ನು ನಡೆಸಿರಿ; ಅನಂತರ ಕರ್ನೆಲ್ಲನ್ನು ಹೊಸದಾಗಿ ಆರಂಭಿಸಿ ಪುನಃ ನಡೆಸಿರಿ. ಒಮ್ಮೆ ನಡೆದ ಲೆಕ್ಕವು ಇನ್ನೊಮ್ಮೆ ಏಕೆ ನಿಂತಿತೆಂಬುದನ್ನು ಟಿಪ್ಪಣಿಯ ಕೋಶದಲ್ಲಿ ನಿಮ್ಮ ಮಾತಿನಲ್ಲೇ ಬರೆದಿಡಿರಿ.