ಇಂಗ್ಲಿಷಿನ ನಿಯತ ಕ್ರಿಯಾಪದ ಮತ್ತು ಕನ್ನಡದ ಕಾಲವಿವಕ್ಷೆ

ಕನ್ನಡದ ಮೂಲಕ ಇಂಗ್ಲಿಷನ್ನು ಕಲಿಸುವ ವ್ಯಾಕರಣ ಪುಸ್ತಕಗಳಲ್ಲಿ ಒಂದು ಕೋಷ್ಟಕ ತಪ್ಪದೆ ಕಾಣಸಿಗುತ್ತದೆ. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳು, ಒಂದೊಂದಕ್ಕೂ ನಾಲ್ಕು ಭೇದಗಳು, ಒಟ್ಟು ಹನ್ನೆರಡು. ಎಡಗಡೆ ಇಂಗ್ಲಿಷ್ ರೂಪ, ಬಲಗಡೆ ಅದಕ್ಕೆ ಸಂವಾದಿಯೆನಿಸಿದ ಕನ್ನಡ ರೂಪ. ಹಗಲು ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ವ್ಯವಹರಿಸುವ ಹೊರನಾಡ ಕನ್ನಡ ವಿದ್ಯಾರ್ಥಿ ಸಂಜೆ ಅನುವಾದಕ್ಕೆ ಕುಳಿತಾಗ ಅವನ ಮನಸ್ಸಿನಲ್ಲಿ ನಿಂತಿರುವುದು ಈ ಕೋಷ್ಟಕವೇ. ಎರಡು ಭಾಷೆಗಳ ಕ್ರಿಯಾರೂಪಗಳು ಹೆಸರಿನಲ್ಲಿ ಹೊಂದಿಕೊಂಡರೂ ಕೆಲಸದಲ್ಲಿ ಹೊಂದಿಕೊಳ್ಳುವುದಿಲ್ಲ ಎಂಬುದನ್ನು ಕೆಲವು ನಿಯತ ಧಾತುಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ವಾಕ್’ ಎಂಬ ಧಾತುವನ್ನೇ ತೆಗೆದುಕೊಳ್ಳೋಣ. ಇದಕ್ಕಿರುವುದು ನಾಲ್ಕೇ ರೂಪಗಳು: ವಾಕ್, ವಾಕ್ಸ್, ವಾಕ್ಟ್, ವಾಕಿಂಗ್. ಉಳಿದದ್ದೆಲ್ಲವೂ ಸಹಾಯಕ ಕ್ರಿಯಾಪದಗಳ ಜೋಡಣೆ. ಕಾಲವನ್ನು ಪ್ರತ್ಯಯದಿಂದ ಸೂಚಿಸುವ ಶಕ್ತಿ ಈ ಧಾತುವಿಗಿರುವುದು ಭೂತ ಮತ್ತು ಭೂತೇತರ ಎಂಬ ಎರಡಕ್ಕೆ ಮಾತ್ರ. ಭವಿಷ್ಯತ್ತಿಗೆ ಬಳಸುವ ‘ವಿಲ್’ ಮೂಲತಃ ಇಚ್ಛಾರ್ಥಕ, ‘ಶಲ್’ ಋಣಾರ್ಥಕ. ಹಳೆಯ ಇಂಗ್ಲಿಷಿನಲ್ಲಿಯೂ ಪ್ರತ್ಯಯದಿಂದ ಸಾಧಿತವಾದ ಕಾಲಗಳು ಎರಡೇ. 1795ರಲ್ಲಿ ಪ್ರಕಟವಾದ ಲಿಂಡ್ಲೆ ಮರ್ರೆಯ ಪ್ರಸಿದ್ಧ ವ್ಯಾಕರಣ ಲ್ಯಾಟಿನ್ನಿನ ಜಾಡಿನಲ್ಲಿ ಆರು ಕಾಲಗಳನ್ನು ಹೇಳಿತು. ಶಾಲಾ ಪುಸ್ತಕಗಳು ಅದನ್ನು ಹನ್ನೆರಡಕ್ಕೆ ಬೆಳೆಸಿದವು. ಕೋಷ್ಟಕ ಕಲಿಕೆಗೆ ಅನುಕೂಲವಿರಬಹುದು, ಆದರೆ ಅದು ಭಾಷೆಯ ರಚನೆಯಲ್ಲ.

ಭೂತಕಾಲದ ಪ್ರತ್ಯಯವನ್ನು ಎಲ್ಲೆಡೆ ಒಂದೇ ರೀತಿ ಬರೆದರೂ ಉಚ್ಚಾರ ಮೂರು ಬಗೆ. ಅಘೋಷ ವ್ಯಂಜನದ ಮುಂದೆ ‘ಟ್’ (ವಾಕ್ಟ್), ಘೋಷದ ಮುಂದೆ ‘ಡ್’ (ಓಪನ್ಡ್), ಟಕಾರ ಡಕಾರಗಳ ಮುಂದೆ ‘ಇಡ್’ (ವಾಂಟಿಡ್). ಸಂಧಿಪ್ರಕರಣವನ್ನು ಓದಿದವರಿಗೆ ಇದು ಹೊಸದೇನಲ್ಲ. ಆದರೂ ‘ವಾಕೆಡ್’ ಎಂದು ಓದುವವರು ಕಡಿಮೆಯಿಲ್ಲ. ಇಂಗ್ಲಿಷಿಗೆ ಈಚೆಗೆ ಬಂದ ಕ್ರಿಯಾಪದಗಳು ಸಾಮಾನ್ಯವಾಗಿ ಈ ನಿಯತ ವರ್ಗವನ್ನೇ ಸೇರುತ್ತವೆ. ಹಿಂದೆ ಅನಿಯತವಾಗಿದ್ದ ‘ಹೆಲ್ಪ್’ ಕೂಡ ಇತ್ತ ಸರಿದಿದೆ. 1611ರ ಬೈಬಲ್ ಅನುವಾದದಲ್ಲಿ ಅದರ ಹಳೆಯ ‘ಹೋಲ್ಪನ್’ ರೂಪ ಉಳಿದಿದೆ. ಕನ್ನಡದಲ್ಲಿ ಅನ್ಯದೇಶ್ಯ ಶಬ್ದಗಳನ್ನು ಅರಗಿಸುವ ‘ಇಸು’ ಪ್ರತ್ಯಯದ ಪಾತ್ರವನ್ನು ಇದರೊಡನೆ ಹೋಲಿಸಬಹುದು. ಆದರೆ ನಮ್ಮ ‘ನಡೆದ’ ಎಂಬಲ್ಲಿಯ ದಕಾರಕ್ಕೂ ಆ ಡಕಾರಕ್ಕೂ ನಂಟು ಕಲ್ಪಿಸುವ ಉತ್ಸಾಹ ಬೇಡ. ಅದು ಕೇವಲ ಆಕಸ್ಮಿಕ.

ಕನ್ನಡದ ಕಡೆ ತಿರುಗಿದರೆ, ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಮೂರು ಕಾಲಗಳಿಗೂ ಪ್ರತ್ಯೇಕ ಪ್ರತ್ಯಯಗಳನ್ನು ವಿಧಿಸಿದ್ದಾನೆ: ನಡೆದಂ, ನಡೆದಪಂ, ನಡೆವಂ. ‘ದಪ’ ಇಂದಿನ ಕನ್ನಡದಲ್ಲಿ ಉಳಿದಿಲ್ಲ. ‘ನಡೆಯುವನು’ ಗ್ರಂಥಗಳಿಗೆ ಸೀಮಿತವಾಗಿ, ‘ನಡೆಯುತ್ತಾನೆ’ ಎಂಬ ಒಂದೇ ರೂಪ ‘ದಿನಾಲೂ’ ಎಂಬುದಕ್ಕೂ ‘ನಾಳೆ’ ಎಂಬುದಕ್ಕೂ ಸಲ್ಲುತ್ತಿದೆ. ಅಂದರೆ ಆಡುಗನ್ನಡವೂ ಬಹುಮಟ್ಟಿಗೆ ಭೂತ–ಭೂತೇತರ ವ್ಯವಸ್ಥೆಗೇ ಬಂದು ನಿಂತಿದೆ. ಇತ್ತ ‘ನಡೆದಾನು’ ಎಂಬ ಸಂಭಾವನಾರ್ಥಕ್ಕೂ, ಯಾವ ಕಾಲಕ್ಕೂ ಕಟ್ಟುಬೀಳದ ‘ನಡೆಯನು’ ಎಂಬ ನಿಷೇಧಕ್ಕೂ ಆ ಹನ್ನೆರಡು ಮನೆಗಳಲ್ಲಿ ಜಾಗವೇ ಇಲ್ಲ.

ನಿಷೇಧದಲ್ಲಿ ಮಾತ್ರ ಕನ್ನಡವೇ ಒಳ್ಳೆಯ ಗುರು. ‘ಡಿಡ್ ನಾಟ್ ವಾಕ್ಟ್’ ಎಂದು ಬರೆಯುವ ವಿದ್ಯಾರ್ಥಿಗೆ ನಿಯಮ ಹೇಳುವುದಕ್ಕಿಂತ ‘ನಡೆಯಲಿಲ್ಲ’ವನ್ನು ತೋರಿಸುವುದು ಮೇಲು. ಭೂತಾರ್ಥವಿದ್ದರೂ ಅಲ್ಲಿ ಭೂತಪ್ರತ್ಯಯವಿಲ್ಲ; ‘ನಡೆದಲಿಲ್ಲ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿಯೂ ಭೂತದ ಭಾರವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ಮುಖ್ಯ ಧಾತು ಬರಿಗೈಯಲ್ಲಿ ಉಳಿಯುತ್ತದೆ. ಪ್ರಶ್ನೆಯಲ್ಲಿಯೂ ಹೀಗೆಯೇ.

ನಿಜವಾದ ತೊಡಕು ಇರುವುದು ಪೂರ್ಣ ವರ್ತಮಾನವೆಂದು ಹೆಸರಾದ ರೂಪದಲ್ಲಿ. ಕೋಷ್ಟಕದ ಪ್ರಕಾರ ‘ಹ್ಯಾಸ್ ಅರೈವ್ಡ್’ ಎಂದರೆ ‘ಬಂದಿದ್ದಾನೆ’. ‘ಅವನು ನಿನ್ನೆಯೇ ಬಂದಿದ್ದಾನೆ’ ಎಂಬುದು ಶುದ್ಧ ಕನ್ನಡ. ಅದನ್ನು ಪದಶಃ ಅನುಸರಿಸಿ ‘ಹೀ ಹ್ಯಾಸ್ ಅರೈವ್ಡ್ ಯೆಸ್ಟರ್ಡೇ’ ಎಂದರೆ ಶಿಷ್ಟ ಇಂಗ್ಲಿಷಿನಲ್ಲಿ ದೋಷ. ಆ ರೂಪ ಇಂಗ್ಲಿಷಿನಲ್ಲಿ ಕ್ರಿಯೆಯನ್ನು ವರ್ತಮಾನಕ್ಕೆ ತಂದು ಕಟ್ಟುತ್ತದೆ. ಮುಗಿದುಹೋದ ದಿನವನ್ನು ಹೆಸರಿಸಿದೊಡನೆ ಆ ಕಟ್ಟು ಕಳಚುತ್ತದೆ, ‘ಅರೈವ್ಡ್’ ಸಾಕು. ಕನ್ನಡದಲ್ಲಾದರೋ ‘ಬಂದು’, ‘ಇದ್ದಾನೆ’ ಎರಡೂ ತಮ್ಮ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಬಂದದ್ದು ನಿನ್ನೆ, ಇರುವುದು ಇಂದು. ‘ಹತ್ತು ವರ್ಷದಿಂದ ಮುಂಬಯಿಯಲ್ಲಿ ದುಡಿಯುತ್ತಿದ್ದಾನೆ’ ಎಂಬ ವಾಕ್ಯಕ್ಕೆ ಇಂಗ್ಲಿಷ್ ‘ಹ್ಯಾಸ್ ಬೀನ್ ವರ್ಕಿಂಗ್’ ಅನ್ನು ಬೇಡುತ್ತದೆ, ‘ಈಸ್ ವರ್ಕಿಂಗ್’ ಅಲ್ಲಿ ಸಲ್ಲದು. ಹಿಂದಕ್ಕೆ ಅನುವಾದಿಸುವಾಗ ‘ದುಡಿಯುತ್ತಾ ಬಂದಿರುತ್ತಾನೆ’ ಎಂದು ಎಳೆಯುವ ಅಭ್ಯಾಸ ನಮ್ಮ ಅನುವಾದಗಳಲ್ಲಿ ಬಲವಾಗುತ್ತಿದೆ. ಇಂಗ್ಲಿಷಿನ ತಪ್ಪನ್ನು ತಿದ್ದಲು ಅಧ್ಯಾಪಕರಿದ್ದಾರೆ. ಕನ್ನಡದ ಈ ತಪ್ಪನ್ನು ತಪ್ಪೆಂದು ಗುರುತಿಸುವವರೇ ವಿರಳ.

ಇನ್ನೊಂದು ಸೂಕ್ಷ್ಮವಿದೆ. ಬೆಳಿಗ್ಗೆ ಎದ್ದು ಒದ್ದೆಯಾದ ಅಂಗಳವನ್ನು ಕಂಡವನು ‘ರಾತ್ರಿ ಮಳೆ ಬಂದಿದೆ’ ಎನ್ನುತ್ತಾನೆ. ರಾತ್ರಿ ಎಚ್ಚರವಿದ್ದು ಮಳೆಯ ಸದ್ದು ಕೇಳಿದವನು ‘ರಾತ್ರಿ ಮಳೆ ಬಂತು’ ಎನ್ನುತ್ತಾನೆ. ಇಂಗ್ಲಿಷಿನ ‘ರೇನ್’ ನಿಯತ ಧಾತು. ಅದರ ಭೂತರೂಪವಾದ ‘ರೇನ್ಡ್’ ಈ ಇಬ್ಬರ ಮಾತಿಗೂ ಒಂದೇ. ಮೊದಲನೆಯವನದು ಊಹೆಯೆಂದು ತೋರಿಸಬೇಕಾದರೆ ‘ಮಸ್ಟ್ ಹ್ಯಾವ್ ರೇನ್ಡ್’ ಎಂದು ಬೇರೆಯೇ ರಚನೆಗೆ ಹೋಗಬೇಕು. ‘ಬಂದಿದೆ’ ಎಂಬ ರೂಪ ಯಾವಾಗಲೂ ಊಹೆಯನ್ನೇ ಹೇಳುತ್ತದೆಂದಲ್ಲ, ಕಂಡದ್ದನ್ನೂ ಹೇಳಬಹುದು. ಆದರೆ ಅದು ಊಹೆಗೆ ಎಡೆಯಿಟ್ಟುಕೊಂಡಿರುತ್ತದೆ. ಕತೆಯ ಅನುವಾದದಲ್ಲಿ ಇದು ತಪ್ಪಿದರೆ ಒಂದು ಬನಿ ಕಳೆದೀತು. ನ್ಯಾಯಾಲಯದಲ್ಲಿ ತಪ್ಪಿದರೆ ನಷ್ಟ ಬೇರೆ ತೆರನದು. ಕನ್ನಡವೊಂದನ್ನೇ ಬಲ್ಲ ಸಾಕ್ಷಿ ‘ಅವನು ಬಾಗಿಲು ತೆರೆದಿದ್ದಾನೆ’ ಎಂದನೆನ್ನೋಣ. ದುಭಾಷಿ ಅದನ್ನು ‘ಹೀ ಓಪನ್ಡ್ ದ ಡೋರ್’ ಎಂದು ಒಪ್ಪಿಸಿದರೆ, ತೆರೆದಿದ್ದ ಬಾಗಿಲನ್ನಷ್ಟೇ ಕಂಡವನು ತೆರೆದ ಕೈಯನ್ನು ಕಂಡವನಾಗಿ ದಾಖಲಾಗುತ್ತಾನೆ. ‘ನೀನು ಕಣ್ಣಾರೆ ಕಂಡೆಯಾ’ ಎಂದು ಕನ್ನಡದಲ್ಲಿ ಮರುಪ್ರಶ್ನೆ ಹಾಕದ ಹೊರತು ಅಲ್ಲಿ ಯಾವ ಇಂಗ್ಲಿಷ್ ರೂಪವನ್ನು ಬಳಸಬೇಕೆಂಬುದು ತೀರ್ಮಾನವಾಗುವುದಿಲ್ಲ.